ಸಮೀಕ್ಷೆಗೆ ಎಷ್ಟು ಅಂಕ?

ಮುಂದಾಗುವುದನ್ನು ಹೇಳುವ ವಿದ್ಯೆಯಲ್ಲಿ ನಮ್ಮ ಹೂವಿನಹಡಗಲಿ ತಾಲ್ಲೂಕಿಗೆ ಎರಡು ಹೆಗ್ಗಳಿಕೆಗಳಿವೆ. ಮೊದಲನೆಯದು ಮೈಲಾರದ ಕಾರ್ಣಿಕ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಗಪ್ಪಾಗುತ್ತದೆ. ಒಂದೇ ಒಂದು ನುಡಿ ಹೇಳಿ ಕೆಳಕ್ಕೆ ಬೀಳುತ್ತಾನೆ. ಆ ನುಡಿ ಮಳೆಯ ಬಗ್ಗೆಯೋ, ಬೆಳೆಯ ಬಗ್ಗೆಯೋ, ಮುಖ್ಯಮಂತ್ರಿಯ ಕುರ್ಚಿಯ ಬಗ್ಗೆಯೋ ಎಂಬುದು ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ತೀರ್ಮಾನವಾಗುತ್ತದೆ. ಎರಡನೆಯ ಹೆಗ್ಗಳಿಕೆ ಅಷ್ಟು ಜನಕ್ಕೆ ಗೊತ್ತಿಲ್ಲ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹಡಗಲಿಯಲ್ಲಿ. ತೆಲುಗು ಮನೆತನ, ಆಗ ಇದು ಮದ್ರಾಸ್ ಪ್ರಾಂತ. 1945ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ಅವರು ಬರೆದ ಪ್ರಬಂಧದ ಒಂದು ಫಲಿತಾಂಶವನ್ನು ನಾನು ಸೇವೆಯುದ್ದಕ್ಕೂ ಕರಿಹಲಗೆಯ ಮೇಲೆ ಬರೆದಿದ್ದೇನೆ. ಕೈಗೆ ಸಿಕ್ಕ ಮಾಹಿತಿ ಇಷ್ಟೇ ಎಂದಾದರೆ, ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ಅದರ ಏರುಪೇರನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು ಎನ್ನುತ್ತದೆ ಅದು.

ಕಾರ್ಣಿಕ ತಪ್ಪಾಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ಅರ್ಥ ಹಚ್ಚುವುದು ಆಮೇಲೆ. ರಾವ್ ಅವರ ವಿದ್ಯೆಗೆ ತಪ್ಪೇ ಬಂಡವಾಳ: ಎಷ್ಟು ತಪ್ಪಬಹುದು ಎಂದು ಮೊದಲೇ ಹೇಳಿ ಕೂರಬೇಕು. ಚುನಾವಣಾ ಸಮೀಕ್ಷೆ ಯಾವ ಪಂಗಡದ್ದು? ತಾನು ಎರಡನೆಯದು ಎಂದು ಅದು ಹೇಳಿಕೊಳ್ಳುತ್ತದೆ. ನಾವು ಮಾತ್ರ ಅದನ್ನು ಕಾರ್ಣಿಕದ ಹಾಗೆಯೇ ಕೇಳುತ್ತೇವೆ, ಕಾರ್ಣಿಕದ ಹಾಗೆಯೇ ಅಳೆಯುತ್ತೇವೆ. ಈ ಅಳತೆಯ ಕಥೆ ಸಮೀಕ್ಷೆಯಷ್ಟೇ ಹಳೆಯದು, ಸಮೀಕ್ಷೆಗಿಂತ ಹೆಚ್ಚು ತಮಾಷೆಯದು.

ಶುರುವಾಗುವುದು ಅಮೆರಿಕದಲ್ಲಿ. ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಅಧ್ಯಕ್ಷ ಚುನಾವಣೆ ಬಂದಾಗಲೆಲ್ಲ ಕಾರ್ಡು ಕಳಿಸಿ ಜನರ ಅಭಿಪ್ರಾಯ ಕೇಳುತ್ತಿತ್ತು. 1932ರಲ್ಲಿ ಅದರ ಲೆಕ್ಕ ಶೇಕಡಾ ಒಂದರೊಳಗೆ ಸರಿಹೋಗಿತ್ತು. 1936ರಲ್ಲಿ ಟೆಲಿಫೋನ್ ಡೈರೆಕ್ಟರಿ, ಮೋಟಾರು ಕಾರುಗಳ ನೋಂದಣಿ ಪಟ್ಟಿ ಹಿಡಿದು ಸುಮಾರು ಒಂದು ಕೋಟಿ ಕಾರ್ಡು ಕಳಿಸಿತು. ಇಪ್ಪತ್ಮೂರು ಲಕ್ಷಕ್ಕೂ ಹೆಚ್ಚು ತಿರುಗಿ ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆಲ್ಲುತ್ತಾನೆ ಎಂದಿತು ಪತ್ರಿಕೆ. ಲ್ಯಾಂಡನ್ ಗೆದ್ದದ್ದು ಮೇಯ್ನ್, ವರ್ಮಾಂಟ್ ಎಂಬ ಎರಡೇ ರಾಜ್ಯಗಳನ್ನು. ರೂಸ್‌ವೆಲ್ಟ್‌ಗೆ ಸುಮಾರು ಶೇ 61 ಮತ ಬಿತ್ತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು? ಅವರಲ್ಲೂ ಕಾರ್ಡು ತುಂಬಿ ಅಂಚೆಗೆ ಹಾಕುವಷ್ಟು ಸಿಟ್ಟು ಯಾರಿಗಿತ್ತು? ಎರಡು ವರ್ಷದಲ್ಲಿ ಪತ್ರಿಕೆ ಮುಚ್ಚಿತು.

ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬಾತ ಸುಮಾರು ಐವತ್ತು ಸಾವಿರ ಜನರನ್ನಷ್ಟೇ ಆಯ್ದು ಕೇಳಿ, ರೂಸ್‌ವೆಲ್ಟ್ ಗೆಲ್ಲುತ್ತಾನೆ ಎಂದ. ಡೈಜೆಸ್ಟ್‌ನ ಕಾರ್ಡುಗಳು ಏನು ಹೇಳಲಿವೆ ಎಂಬುದನ್ನೂ ಮುಂಚಿತವಾಗಿ ಹೇಳಿಬಿಟ್ಟ. ಒಂದೇ ರಾತ್ರಿಯಲ್ಲಿ ಗ್ಯಾಲಪ್ ಮನೆಮಾತಾದ. ಇಲ್ಲೊಂದು ಅಂಕಿಯನ್ನು ಪಠ್ಯಪುಸ್ತಕಗಳು ಮೆಲ್ಲನೆ ದಾಟಿಬಿಡುತ್ತವೆ. ರೂಸ್‌ವೆಲ್ಟ್‌ಗೆ ಗ್ಯಾಲಪ್ ಕೊಟ್ಟದ್ದು ಸುಮಾರು ಶೇ 56. ಅಂದರೆ ಐದು ಅಂಶಗಳ ತಪ್ಪು.

ಹನ್ನೆರಡು ವರ್ಷ ಕಳೆದು 1948ರ ಅಧ್ಯಕ್ಷ ಚುನಾವಣೆಗೆ ಬನ್ನಿ. ಡ್ಯೂಯಿಗೆ 49.5, ಟ್ರೂಮನ್‌ಗೆ 44.5 ಎಂದ ಗ್ಯಾಲಪ್. ಟ್ರೂಮನ್‌ಗೆ ಬಂದದ್ದು 49.6. ಮತ್ತೆ ಐದು ಅಂಶಗಳ ತಪ್ಪು. ಈ ಸಲ ಗ್ಯಾಲಪ್ ಊರಿಗೆಲ್ಲ ನಗೆಪಾಟಲು. ಡ್ಯೂಯಿ ಗೆದ್ದನೆಂದು ಮುಖಪುಟದಲ್ಲಿ ಅಚ್ಚು ಹಾಕಿದ್ದ ‘ಚಿಕಾಗೊ ಟ್ರಿಬ್ಯೂನ್’ ಪ್ರತಿಯನ್ನು ಟ್ರೂಮನ್ ನಗುತ್ತಾ ಎತ್ತಿ ಹಿಡಿದ ಫೋಟೊ ಇಂದಿಗೂ ಓಡಾಡುತ್ತಿದೆ. ಒಂದೇ ಗಾತ್ರದ ತಪ್ಪಿಗೆ ಒಮ್ಮೆ ಹಾರ, ಒಮ್ಮೆ ಚಪ್ಪಲಿ! ವ್ಯತ್ಯಾಸ ಇಷ್ಟೇ: ಮೊದಲನೆಯ ತಪ್ಪು ಗೆದ್ದವನ ಹೆಸರನ್ನು ಬದಲಿಸಲಿಲ್ಲ, ಎರಡನೆಯದು ಬದಲಿಸಿತು.

ಆಗ ಅಲ್ಲಿನ ಸಮಾಜವಿಜ್ಞಾನಿಗಳು ಮಾಡಿದ ಕೆಲಸಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ಸೋಶಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್ ಒಂದು ಸಮಿತಿ ಮಾಡಿತು. ಗ್ಯಾಲಪ್, ರೋಪರ್ ಮುಂತಾದ ಸಮೀಕ್ಷಕರು ತಮ್ಮ ಕಡತಗಳನ್ನು ಬಿಚ್ಚಿಟ್ಟರು. 1949ರಲ್ಲಿ ವರದಿ ಪುಸ್ತಕವಾಗಿ ಬಂತು. ಕೊನೆಯ ವಾರಗಳಲ್ಲಿ ಕೇಳುವುದನ್ನೇ ನಿಲ್ಲಿಸಿದ್ದು, ಇಷ್ಟು ಗಂಡಸರು ಇಷ್ಟು ಹೆಂಗಸರು ಎಂದು ಕೋಟಾ ಕೊಟ್ಟು ಆಯ್ಕೆಯನ್ನು ಪ್ರಶ್ನೆ ಕೇಳುವವರ ಮರ್ಜಿಗೆ ಬಿಟ್ಟದ್ದು, ಇನ್ನೂ ನಿರ್ಧರಿಸಿಲ್ಲ ಎಂದವರನ್ನು ಮನಸ್ಸಿಗೆ ಬಂದಂತೆ ಹಂಚಿದ್ದು ಎಂದು ಕಾರಣಗಳನ್ನು ಪಟ್ಟಿ ಮಾಡಿತು. ಆ ವರದಿಯಲ್ಲಿ ಫ್ರೆಡರಿಕ್ ಮೋಸ್ಟೆಲ್ಲರ್ ಎಂಬ ಸಂಖ್ಯಾಶಾಸ್ತ್ರಜ್ಞ ಕೇಳಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು: ತಪ್ಪು ಎಷ್ಟು ಎಂದು ಹೇಳುವುದು ಹೇಗೆ? ಅದಕ್ಕೆ ಆತ ಎಂಟು ದಾರಿ ಕೊಟ್ಟ.

ಗ್ಯಾಲಪ್‌ನ ಕೊನೆಯ ಅಂಕಿಗಳನ್ನೇ ತೆಗೆದುಕೊಂಡು ನಾನು ಮಕ್ಕಳಿಂದ ಲೆಕ್ಕ ಮಾಡಿಸುತ್ತಿದ್ದೆ. ಡ್ಯೂಯಿಗೆ ಹೇಳಿದ್ದು 49.5, ಬಂದದ್ದು 45.1. ಟ್ರೂಮನ್‌ದು ಮೇಲೆಯೇ ಇದೆ. ಮೂರನೆಯ, ನಾಲ್ಕನೆಯ ಅಭ್ಯರ್ಥಿಗಳಾದ ವಾಲೇಸ್, ಥರ್ಮಂಡ್‌ಗೆ ಹೇಳಿದ್ದು 4 ಮತ್ತು 2, ಬಂದದ್ದು ಇಬ್ಬರಿಗೂ 2.4ರ ಆಸುಪಾಸು. ನಾಲ್ವರ ತಪ್ಪಿನ ಸರಾಸರಿ ತೆಗೆದರೆ 2.9. ಮೊದಲ ಇಬ್ಬರದೇ ಸರಾಸರಿಯಾದರೆ 4.75. ಇಬ್ಬರ ನಡುವಿನ ಅಂತರವನ್ನು ನೋಡಿದರೆ, ಡ್ಯೂಯಿ ಐದರಿಂದ ಮುಂದೆ ಎಂದದ್ದು ಟ್ರೂಮನ್ ನಾಲ್ಕೂವರೆಯಿಂದ ಮುಂದೆ ಎಂದಾಯಿತು, ತಪ್ಪು 9.5. ಸಮೀಕ್ಷೆ ಒಂದೇ, ಫಲಿತಾಂಶ ಒಂದೇ, ತಪ್ಪು ಮಾತ್ರ ಮೂರು. ಕಂಪನಿಯ ಮಾಲೀಕನಿಗೆ ಯಾವ ಅಂಕಿ ಇಷ್ಟವಾದೀತು, ಸೋತ ಪಕ್ಷದವನಿಗೆ ಯಾವುದು ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗರೂ ತಟ್ಟನೆ ಉತ್ತರಿಸುತ್ತಿದ್ದರು.

ನಮ್ಮ ದೇಶಕ್ಕೆ ಈ ಕಸುಬನ್ನು ತಂದವರು ಎರಿಕ್ ಡ ಕೋಸ್ಟಾ. ದೆಹಲಿಯಲ್ಲಿ 1950ರ ದಶಕದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಒಪಿನಿಯನ್ ಕಟ್ಟಿದರು. 1960ರ ದಶಕದಲ್ಲಿ ರಜನಿ ಕೊಠಾರಿಯವರ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್ ಚುನಾವಣೆಗಳ ಅಧ್ಯಯನಕ್ಕೆ ಕೈಹಾಕಿತು. ಅವರಿಗೆ ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಯಾರು ಯಾಕೆ ಹೀಗೆ ಮತ ಹಾಕಿದರು ಎಂಬುದು ಮುಖ್ಯ. ಆಟ ಬದಲಾದದ್ದು 1980ರ ದಶಕದಲ್ಲಿ. ಪ್ರಣಯ್ ರಾಯ್, ಅಶೋಕ್ ಲಾಹಿರಿ ಇಬ್ಬರೂ ಅರ್ಥಶಾಸ್ತ್ರಜ್ಞರು. ಅವರ ಜೊತೆಗೆ ಬ್ರಿಟನ್ನಿನ ಡೇವಿಡ್ ಬಟ್ಲರ್. 1952ರಿಂದೀಚೆಗಿನ ಫಲಿತಾಂಶಗಳನ್ನು ಕ್ಷೇತ್ರ ಕ್ಷೇತ್ರವಾಗಿ ಜೋಡಿಸಿ ಮತವನ್ನು ಸೀಟಾಗಿ ಬದಲಿಸುವ ಒಂದು ವಿಧಾನ ಕಂಡುಹಿಡಿದರು. ಆಳುವ ಪಕ್ಷದ ಮತ ಎಷ್ಟು ಎನ್ನುವುದರ ಜೊತೆಗೆ, ಎದುರಾಳಿಗಳು ಎಷ್ಟು ಒಗ್ಗಟ್ಟಾಗಿದ್ದಾರೆ ಎನ್ನುವುದನ್ನೂ ಅಂಕಿಗೆ ಇಳಿಸಿದರು. ವಿರೋಧಿ ಮತಗಳಲ್ಲಿ ಅತಿ ದೊಡ್ಡ ವಿರೋಧ ಪಕ್ಷದ ಪಾಲು ಶೇಕಡಾ ಎಷ್ಟು? ಅದೇ ‘ವಿರೋಧಿ ಐಕ್ಯ ಸೂಚ್ಯಂಕ’. ಚೆಂದದ ಲೆಕ್ಕ. ಆದರೆ ಅಲ್ಲಿಂದ ಮುಂದೆ ಸಮೀಕ್ಷೆಯ ತಲೆಬರಹವೆಂದರೆ ಸೀಟು, ಸಮೀಕ್ಷೆಯ ಪರೀಕ್ಷೆಯೆಂದರೆ ಸೀಟು.

ಇದು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. 2004ರಲ್ಲಿ ವಿಧಾನಸಭೆಗೆ ಕಾಂಗ್ರೆಸ್‌ಗೆ ಶೇ 35ರಷ್ಟು ಮತ, ಬಿಜೆಪಿಗೆ 28. ಸೀಟು ಕಾಂಗ್ರೆಸ್‌ಗೆ 65, ಬಿಜೆಪಿಗೆ 79. 2008ರಲ್ಲಿ ಕಾಂಗ್ರೆಸ್ ಹತ್ತಿರ ಹತ್ತಿರ 35, ಬಿಜೆಪಿ 34. ಸೀಟು 80 ಮತ್ತು 110. 2018ರಲ್ಲಿ ಕಾಂಗ್ರೆಸ್ 38, ಬಿಜೆಪಿ 36. ಎಣಿಕೆಯ ದಿನ ಸೀಟು 78 ಮತ್ತು 104. ಮೂರು ಸಲವೂ ಹೆಚ್ಚು ಮತ ಪಡೆದ ಪಕ್ಷ ಹೆಚ್ಚು ಸೀಟು ಪಡೆಯಲಿಲ್ಲ. ಕಾಂಗ್ರೆಸ್ಸಿನ ಮತ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲೆಡೆ ಒಂದಿಷ್ಟು ಹರಡಿಕೊಂಡಿದೆ. ಬಿಜೆಪಿಯದು ಕರಾವಳಿ, ಬೆಳಗಾವಿ ಕಡೆ, ಬೆಂಗಳೂರಿನಲ್ಲಿ ಗಟ್ಟಿ, ಹಳೇ ಮೈಸೂರು ಸೀಮೆಯ ಹಲವು ಕ್ಷೇತ್ರಗಳಲ್ಲಿ ತೆಳು. ಅಲ್ಲಿ ಜೆಡಿಎಸ್ ಕಾಂಗ್ರೆಸ್ಸಿನೊಡನೆ ಸೆಣಸುತ್ತದೆ.

ಈಗ 2018ರ ಪಕ್ಕಕ್ಕೆ 2023ನ್ನು ಇಡಿ. ಬಿಜೆಪಿಯ ಮತ ಆಗಲೂ ಶೇ 36, ಈಗಲೂ 36. ಸೀಟು 104ರಿಂದ 66ಕ್ಕೆ. ಕಾಂಗ್ರೆಸ್ 38ರಿಂದ ಸುಮಾರು 43ಕ್ಕೇರಿತು, ಜೆಡಿಎಸ್ 18ರಿಂದ 13ಕ್ಕಿಳಿಯಿತು. ರಾಯ್–ಲಾಹಿರಿ ಸೂತ್ರ ಹಾಕಿ ನೋಡಿದೆ: ಬಿಜೆಪಿಯೇತರ ಮತಗಳಲ್ಲಿ ಕಾಂಗ್ರೆಸ್ಸಿನ ಪಾಲು 2018ರಲ್ಲಿ 60, 2023ರಲ್ಲಿ 67. ಆಳುವ ಪಕ್ಷದಿಂದ ನಿವ್ವಳ ಅರ್ಧ ಅಂಶವೂ ಕದಲದೆ ಮೂವತ್ತೆಂಟು ಸೀಟು ಕದಲಿದವು. ಹೀಗಿರುವಾಗ ಬಿಜೆಪಿಗೆ ಎಷ್ಟು ಮತ ಎಂದು ಒಬ್ಬರು ಕೂದಲೆಳೆಯಷ್ಟೂ ತಪ್ಪದೆ ಅಳೆದರೂ ಸೀಟಿನಲ್ಲಿ ಮುಗ್ಗರಿಸಬಹುದು. ಮತದಲ್ಲಿ ಅಡ್ಡಾದಿಡ್ಡಿ ತಪ್ಪಿದ ಇನ್ನೊಬ್ಬರ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ, ಸೀಟು ಸರಿ ಬಂದು, ಟಿ.ವಿ.ಯಲ್ಲಿ ಶಹಬ್ಬಾಸ್ ಎನ್ನಿಸಿಕೊಳ್ಳಬಹುದು.

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಸ್ಯಾಂಪಲ್ ಪಾಠಕ್ಕೆ ಎಲ್ಲ ಮೇಷ್ಟ್ರುಗಳೂ ಹೇಳುವ ಉದಾಹರಣೆ ಇದು. ಆ ಮಾತು ನಿಜವಾಗುವುದು ಒಂದೇ ಪಾತ್ರೆ, ಒಂದೇ ಉರಿ ಇದ್ದಾಗ. ಬಂಟ್ವಾಳಕ್ಕೂ ನಾಗಮಂಗಲಕ್ಕೂ ಜೇವರ್ಗಿಗೂ ಬೇರೆ ಬೇರೆ ಒಲೆ. ಸಾವಿರ ಜನರನ್ನು ಚೀಟಿ ಎತ್ತಿದಂತೆ ಆಯ್ದು ಕೇಳಿದರೆ ಶೇಕಡಾ ಮೂರರಷ್ಟು ಅತ್ತಿತ್ತ, ಹತ್ತು ಸಾವಿರ ಜನರಾದರೆ ಒಂದರಷ್ಟು ಅತ್ತಿತ್ತ ಎಂಬುದು ಪುಸ್ತಕದ ಲೆಕ್ಕ. ನಿಜಜೀವನದಲ್ಲಿ ಹತ್ತು ಸಾವಿರ ಜನ ಕೆಲವು ನೂರು ಊರುಗಳಲ್ಲಿ ಗುಂಪುಗುಂಪಾಗಿ ಸಿಗುತ್ತಾರೆ, ಒಂದೇ ಓಣಿಯವರು ಒಂದೇ ಕಡೆ ವಾಲುತ್ತಾರೆ. ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಸಮೀಕ್ಷೆಗಳನ್ನು ಫಲಿತಾಂಶದ ಜೊತೆ ಹೋಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೇಳಿಕೊಳ್ಳುವ ತಪ್ಪಿಗಿಂತ ನಿಜವಾದ ತಪ್ಪು ಸುಮಾರು ಎರಡು ಪಟ್ಟು. ಅದು ಮನೆಮನೆಗೂ ಫೋನಿರುವ ದೇಶದಲ್ಲಿ.

ನಮ್ಮ ಕಡೆಯ ಪಾಡನ್ನು ನನ್ನ ವಿದ್ಯಾರ್ಥಿಗಳಿಂದ ಕೇಳಿದ್ದೇನೆ. ಚುನಾವಣೆ ಬಂದರೆ ಕೆಲವರು ದಿನಗೂಲಿಗೆ ಫಾರಂ ತುಂಬಿಸುವ ಕೆಲಸ ಹಿಡಿಯುತ್ತಿದ್ದರು. ಹೊಲದ ಕೆಲಸಕ್ಕೆ ಬೆಳಕು ಹರಿಯುವ ಮುಂಚೆ ಹೋದವರು ಸಿಗುವುದಿಲ್ಲ. ಸಿಕ್ಕವರು ಜಗಲಿಯ ಮೇಲೆ ಯಾರು ಕೂತಿದ್ದಾರೆ ಎಂದು ನೋಡಿ ಮಾತಾಡುತ್ತಾರೆ. ಒಬ್ಬ ಹುಡುಗನಿಗೆ ಅಜ್ಜಿಯೊಬ್ಬಳು, “ಯಪ್ಪಾ, ನಮ್ಮ ಹಿರೇಮಗನ್ನ ಕೇಳು, ಓಟಿನ ಮಾತು ಅವನೇ ಹೇಳ್ತಾನ” ಎಂದಳಂತೆ. “ಓಟು ಹಾಕೋದು ನೀವಲ್ಲೇನ್ ಬೇ?” ಎಂದು ಇವನು ಕೇಳಿದ್ದಕ್ಕೆ, “ಹಾಕೋದು ನಾನು. ಹೇಳೋದು ಅವ” ಎಂದಳಂತೆ. ಹುಡುಗ ಫಾರಮ್ಮಿನಲ್ಲಿ ಯಾರ ಉತ್ತರ ಬರೆದ ಎಂದು ನಾನು ಕೇಳಲು ಹೋಗಲಿಲ್ಲ. ಇಂಥ ತೊಡಕಿಗೆ ಸಿಎಸ್‌ಡಿಎಸ್‌ನವರು ಒಳ್ಳೆಯ ಉಪಾಯ ಮಾಡಿದ್ದರು: ಚಿಹ್ನೆಗಳಿರುವ ನಕಲಿ ಮತಪತ್ರವನ್ನೂ ಒಂದು ಡಬ್ಬಿಯನ್ನೂ ಒಯ್ದು, ಬಾಯಲ್ಲಿ ಹೇಳಬೇಡಿ, ಗುರುತು ಹಾಕಿ ಇದರೊಳಗೆ ಹಾಕಿ ಎನ್ನುವುದು.

ಡಬ್ಬಿಗೂ ಸಿಗದವರು ಗುಳೆ ಹೋದವರು. ನಮ್ಮ ಭಾಗದ ತಾಂಡಾಗಳಲ್ಲಿ ಬೇಸಿಗೆಗೆ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ದೂರದ ಕಾಫಿ ತೋಟಕ್ಕೋ ಹೋದವರ ಹೆಸರು ಮತದಾರರ ಪಟ್ಟಿಯಲ್ಲಿದೆ, ಸಮೀಕ್ಷೆಯ ವಾರ ಮನೆಯಲ್ಲಿಲ್ಲ, ಮತದಾನದ ಹಿಂದಿನ ರಾತ್ರಿ ಯಾರೋ ಕಳಿಸಿದ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ. ಡೈಜೆಸ್ಟ್‌ನ ಟೆಲಿಫೋನ್ ಡೈರೆಕ್ಟರಿಯಲ್ಲಿ ಇಲ್ಲದವರು ಇವರೇ.

ಸಮೀಕ್ಷೆ ಸರಿಯಿದ್ದೂ ತಪ್ಪೆನಿಸಿಕೊಳ್ಳುವುದುಂಟು. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕರ್ನಾಟಕದ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ. ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸದಾಗಿ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. ಡಿಸೆಂಬರಿನಲ್ಲಿ ಚಿನ್ನದ ತಕ್ಕಡಿಯಲ್ಲಿ ತೂಗಿದ ಸಮೀಕ್ಷೆಯೂ ಮಾರ್ಚಿಗೆ ಕೆಲಸಕ್ಕೆ ಬರುತ್ತಿರಲಿಲ್ಲ.

ಸುಮ್ಮನೆ ಸರಿಯಾಗುವುದೂ ಉಂಟು. 1985ರಿಂದೀಚೆಗೆ ಕರ್ನಾಟಕದಲ್ಲಿ ಆಳುವ ಪಕ್ಷಕ್ಕೆ ಮತ್ತೆ ಬಹುಮತ ಸಿಕ್ಕಿಲ್ಲ. ಪ್ರತಿ ವಿಧಾನಸಭಾ ಚುನಾವಣೆಗೂ “ಆಳುವ ಪಕ್ಷಕ್ಕೆ ಬಹುಮತ ಬಾರದು” ಎಂದು ಒಂದು ಕಾರ್ಡು ಬರೆದು ಹಾಕಿದ್ದರೆ 1989ರಿಂದ 2023ರವರೆಗೆ ಒಮ್ಮೆಯೂ ತಪ್ಪುತ್ತಿರಲಿಲ್ಲ, ಖರ್ಚು ಒಂದು ಕಾರ್ಡಿನದು. ಯಾವ ಸಮೀಕ್ಷೆಗಾದರೂ ಅಂಕ ಕೊಡುವ ಮುಂಚೆ ನಾನು ಈ ಕಾರ್ಡನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಕಾರ್ಡಿಗಿಂತ ಹೆಚ್ಚಾಗಿ ಏನು ಹೇಳಿತು?

ಸೀಟಿನ ಲೆಕ್ಕವನ್ನೂ ಮರ್ಯಾದೆಯಿಂದ ಮಾಡಬಹುದು. ಗಣಿತಜ್ಞ ರಾಜೀವ ಕರಂದೀಕರ್, ಯೋಗೇಂದ್ರ ಯಾದವ್ ಮತ್ತು ಅವರ ಜೊತೆಗಾರರು 1998ರ ಲೋಕಸಭಾ ಚುನಾವಣೆಗೆ ಬಳಸಿದ ದಾರಿಯಲ್ಲಿ, ಇಂಥ ಕ್ಷೇತ್ರ ಇಂಥವರಿಗೇ ಎಂದು ಹಣೆಬರಹ ಬರೆಯುವುದಿಲ್ಲ. ಒಂದು ಕ್ಷೇತ್ರದಲ್ಲಿ ಒಬ್ಬರ ಗೆಲುವಿನ ಸಂಭವ ನೂರಕ್ಕೆ ಅರವತ್ತು ಎಂದರೆ ಅವರಿಗೆ 0.6 ಸೀಟು, ಎದುರಾಳಿಗೆ ಉಳಿದದ್ದು; ಕೊನೆಗೆ ಎಲ್ಲವನ್ನೂ ಕೂಡಿಸುವುದು. ತೂಗುಯ್ಯಾಲೆಯ ಕ್ಷೇತ್ರಗಳನ್ನೆಲ್ಲ ಒಬ್ಬರ ಮಡಿಲಿಗೇ ಸುರಿದುಬಿಡುವ ಅಪಾಯ ಇದರಿಂದ ತಪ್ಪುತ್ತದೆ. ತಮ್ಮ ವಿಧಾನವನ್ನು ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು ಎಂಬುದಕ್ಕೆ ನನ್ನ ಕಡೆಯಿಂದ ಬೇರೆ ಅಂಕ. ಬ್ರಿಟನ್ನಿನಲ್ಲಿ 1992ರಲ್ಲಿ, ಮತ್ತೆ 2015ರಲ್ಲಿ ಸಮೀಕ್ಷೆಗಳು ಎಡವಿದಾಗ ವಿಚಾರಣೆ ನಡೆದು ವರದಿಗಳು ಬಂದವು. ನಮ್ಮಲ್ಲಿ ಆ ಸಂಪ್ರದಾಯ ಬೆಳೆಯಲಿಲ್ಲ. 2004ರಲ್ಲಿ ಎನ್‌ಡಿಎ ಮತ್ತೆ ಬರುತ್ತದೆಂದೋ ಬಹುಮತದ ಹತ್ತಿರ ನಿಲ್ಲುತ್ತದೆಂದೋ ಎಲ್ಲ ದೊಡ್ಡ ಚಾನೆಲ್‌ಗಳೂ ಹೇಳಿ, ಅದು 190ನ್ನೂ ಮುಟ್ಟದೆ ಹೋದಾಗ ಒಂದೆರಡು ವಾರ ಗದ್ದಲವಾಯಿತು, ಅಷ್ಟೆ. ನಮ್ಮ ಉತ್ತರ ಯಾವಾಗಲೂ ನಿಷೇಧದ ಕಡೆಗೆ. 1990ರ ದಶಕದ ಕೊನೆಯಲ್ಲಿ ಚುನಾವಣಾ ಆಯೋಗ ಸಮೀಕ್ಷೆಗಳ ಪ್ರಕಟಣೆಯನ್ನು ಆದೇಶದ ಮೂಲಕ ತಡೆಯಲು ನೋಡಿತು, 1999ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಹಿಂತೆಗೆದುಕೊಂಡಿತು. ಆಮೇಲೆ ಜನಪ್ರಾತಿನಿಧ್ಯ ಕಾಯ್ದೆಗೆ 126ಎ ಕಲಂ ಸೇರಿ, 2010ರಿಂದ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಎಕ್ಸಿಟ್ ಪೋಲ್ ಪ್ರಕಟಿಸುವಂತಿಲ್ಲ. ಯಾವಾಗ ಹೇಳಬೇಕು ಎಂಬುದಕ್ಕೆ ಕಾನೂನಾಯಿತು. ಹೇಗೆ ಕೇಳಿದಿರಿ, ಎಷ್ಟು ಜನ ಉತ್ತರಿಸಲು ಒಪ್ಪಲಿಲ್ಲ, ಕಚ್ಚಾ ಅಂಕಿಯನ್ನು ಎಷ್ಟು ತಿದ್ದಿದಿರಿ ಎಂದು ಕೇಳುವವರಿಲ್ಲ.

ಹಾಗಾಗಿ ನಾನೇ ಒಂದು ಉದ್ದನೆಯ ಲೆಡ್ಜರು ಇಟ್ಟುಕೊಂಡಿದ್ದೇನೆ, ಒಂದೊಂದು ಕಂಪನಿಗೆ ಒಂದೊಂದು ಸಾಲು. ಟುಡೇಸ್ ಚಾಣಕ್ಯದ ಸಾಲು ನೋಡಿ. 2014ರಲ್ಲಿ ಎನ್‌ಡಿಎಗೆ 340 ಎಂದಿತು, ಬಂದದ್ದು 336. ಬೇರೆ ಯಾರೂ ಅಷ್ಟು ಹತ್ತಿರ ಬರಲಿಲ್ಲ. ಮರುವರ್ಷ ಬಿಹಾರದಲ್ಲಿ ಬಿಜೆಪಿ ಕೂಟಕ್ಕೆ 155 ಎಂದಿತು, ಬಂದದ್ದು 58. ಒಂದು ಚುನಾವಣೆಯಲ್ಲಿ ಹಣೆಗೆ ತಿಲಕವಿಟ್ಟು ಮುಂದಿನದರಲ್ಲಿ ಬೆನ್ನು ತಿರುಗಿಸುವ ನಮ್ಮ ಪದ್ಧತಿಗೆ ಇಷ್ಟು ಸಾಕು.

ಆಕ್ಸಿಸ್ ಮೈ ಇಂಡಿಯಾದ ಸಾಲು ಇನ್ನೂ ಸ್ವಾರಸ್ಯದ್ದು. ಅದೇ ಬಿಹಾರದಲ್ಲಿ ಬಿಜೆಪಿ ಕೂಟದ ಎದುರಾಳಿ ಮಹಾಮೈತ್ರಿಗೆ 169ರಿಂದ 183 ಎಂದು ಅವರು ಲೆಕ್ಕ ಹಾಕಿದ್ದರು. ಮಾಡಿಸಿದ ಚಾನೆಲ್ ಅದನ್ನು ಪ್ರಸಾರ ಮಾಡಲೇ ಇಲ್ಲ, ಉಳಿದವರೆಲ್ಲ ಬೇರೆ ಹೇಳುತ್ತಿರುವಾಗ ಧೈರ್ಯ ಬರಲಿಲ್ಲವೋ ಏನೋ. ಬಂದದ್ದು 178. 2018ರ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ 106ರಿಂದ 118 ಎಂದರು, ಬಂದದ್ದು 78. 2019ರ ಲೋಕಸಭೆಯಲ್ಲಿ ಎನ್‌ಡಿಎಗೆ 339ರಿಂದ 365 ಎಂದರು, ಅದರ ನಡುವೆಯೇ ಬಂತು. 2023ರ ಕರ್ನಾಟಕದಲ್ಲಿ, ಹಲವರು ಅತಂತ್ರ ಎನ್ನುತ್ತಿದ್ದಾಗ, ಕಾಂಗ್ರೆಸ್‌ಗೆ 122ರಿಂದ 140 ಎಂದರು, ಬಂದದ್ದು 135. 2024ರಲ್ಲಿ ಎನ್‌ಡಿಎಗೆ 361ರಿಂದ 401 ಎಂದರು, ಬಂದದ್ದು 293. ಜೂನ್ 4ರಂದು ಸಂಸ್ಥೆಯ ಪ್ರದೀಪ್ ಗುಪ್ತಾ ಟಿ.ವಿ. ನೇರಪ್ರಸಾರದಲ್ಲಿ ಕಣ್ಣೀರು ಹಾಕಿದರು. ನನಗೆ ಅಯ್ಯೋ ಅನ್ನಿಸಿತು. ಹಾಗೆಂದು ಅಂಕ ಹೆಚ್ಚಿಸಲಿಲ್ಲ. ಆ ಚುನಾವಣೆಯಲ್ಲಿ ಬಿಜೆಪಿಯ ಮತ ಶೇ 37.4ರಿಂದ 36.6ಕ್ಕೆ ಇಳಿದಿತ್ತು, ಸೀಟು 303ರಿಂದ 240ಕ್ಕೆ. ಆ ಒಂದಕ್ಕಿಂತ ಕಡಿಮೆ ಅಂಶವನ್ನು ಯಾವ ಸ್ಯಾಂಪಲ್ಲೂ ನಂಬುವಂತೆ ಹಿಡಿಯಲಾರದು. ಹಿಡಿಯಲಾರೆವು ಎಂದು ಮೊದಲೇ ಹೇಳದೆ ನಾನೂರರವರೆಗೆ ಏರಿಸಿದ್ದಕ್ಕೆ ಮಾತ್ರ ಅಂಕ ಕಳೆಯಲೇಬೇಕು.

ಲೆಡ್ಜರಿನಲ್ಲಿ ಸೀಟಿನ ಕಾಲಂ ಪಕ್ಕದಲ್ಲಿ ಮತಪ್ರಮಾಣದ ಕಾಲಂ ಗೆರೆ ಹೊಡೆದಿದ್ದೇನೆ. ಚಾನೆಲ್‌ನವರು ಆ ಅಂಕಿಯನ್ನು ಕೆಲವು ಸೆಕೆಂಡು ತೋರಿಸಿ ಜಾಹೀರಾತಿಗೆ ಹೋಗುತ್ತಾರೆ. ಬರೆದುಕೊಳ್ಳುವಷ್ಟರಲ್ಲಿ ಮಾಯ. ಅದಕ್ಕೇ ಆ ಕಾಲಂನಲ್ಲಿ ಇನ್ನೂ ಹಲವು ಮನೆಗಳು ಖಾಲಿ ಇವೆ.